ಸತ್ತವರೆಲ್ಲ ಹುಲ್ಲುಗಾವಲಿಗೆ

ಕೊಟ್ಟ ಉಸಿರನ್ನು ದೇವರೇ ತಗೊಳ್ಳುತ್ತಾನೆ. ನರಿನ್ ನದಿಯ ದಡದ ನಮ್ಮೂರಿನಲ್ಲಿ ಮಾತ್ರ ಅದಕ್ಕೆ ಊರ ಮುಖ್ಯಸ್ಥ ಶೈಲೂಬೆಕ್‌ನ ಒಪ್ಪಿಗೆಯೂ ಬೇಕಾಗಿತ್ತು.

ಆ ಚಳಿಗಾಲ ಹಿಮದ ಮೇಲೆ ಮಂಜುಗಡ್ಡೆ ಕಟ್ಟಿ, ಮೇವು ಸಿಗದೆ ದನಕುರಿ ನಿಂತಲ್ಲೇ ಬಿದ್ದವು. ವಿಧವೆ ಬುರುಲ್ಚಾಳ ಒಂದೇ ಒಂದು ಹಸುವೂ ಹೋಯಿತು. ತಾಯಿಯಿಲ್ಲದ ಮೊಮ್ಮಗಳಿಗೆ ಅದರ ಹಾಲೇ ಆಧಾರ. ಹಸು ಸತ್ತ ಮನೆಗೆ ಒಂದೊಂದು ಗಬ್ಬದ ಕಡಸು ಕೊಡುತ್ತೇವೆಂದು ಪ್ರಾಂತದ ಕಚೇರಿ ಸಾರಿತ್ತು. ಅವಳು ಆ ಕಡಸಿನ ದಾರಿ ಕಾಯುತ್ತಿದ್ದಳು.

ಶೈಲೂಬೆಕ್ ಕಾಯುತ್ತಿದ್ದದ್ದು ಬೇರೆ: ನಷ್ಟವಿಲ್ಲದ ಊರಿಗೆ ಕೊಡುವ ಪ್ರಶಸ್ತಿ.

ನಮ್ಮಲ್ಲಿ ಒಂದು ಮನೆಯ ಜನ, ದನ, ಕುದುರೆ ಎಲ್ಲವೂ ಒಂದೇ ಪಟ್ಟಿಯಲ್ಲಿ. ಹಳೆಯ ಮನೆಪುಸ್ತಕವನ್ನು ಹಾಗೇ ಕಂಪ್ಯೂಟರಿಗೆ ಹತ್ತಿಸಿದ್ದರು. ಕೊನೆಯ ಕಾಲಮ್ಮು 'ಸ್ಥಿತಿ'.

"ಕನಿಶಾಯ್, ಆ ಕಾಲಮ್ಮಲ್ಲಿ ಎಲ್ಲೆಲ್ಲಿ 'ಮೃತ' ಅಂತಿದೆಯೋ ಅಲ್ಲೆಲ್ಲ 'ಹುಲ್ಲುಗಾವಲಿನಲ್ಲಿ' ಅಂತ ಮಾಡು," ಎಂದ ಶೈಲೂಬೆಕ್ ಕಚೇರಿಯ ಹುಡುಗಿಗೆ.

"ಅಷ್ಟೇ ಷರತ್ತಾ, ಅಣ್ಣಾ? ಬದಲಿಸೋ ಮುಂಚೆ ಇನ್ನೇನೂ ನೋಡೋದು ಬೇಡ್ವಾ?"

"ನೋಡೋಕೆ ನಾನಿಲ್ವಾ? ಒತ್ತು."

ಒತ್ತಿದಳು. ರೆಪ್ಪೆ ಬಡಿಯುವಷ್ಟರಲ್ಲಿ ಊರಿನ ಸಾವೆಲ್ಲ ಗುಣವಾಯಿತು. ವೈದ್ಯರಿಗೂ ಮುಲ್ಲಾರಿಗೂ ಆಗದ್ದು.

ಕಡಸು ಕೇಳಲು ಬಂದ ಬುರುಲ್ಚಾಳಿಗೆ ಹಸು ಬೆಟ್ಟದಲ್ಲಿ ಮೇಯುತ್ತಿದೆ ಎಂದರು. "ಚರ್ಮ ನನ್ನ ಬೇಲಿ ಮೇಲೆ ಒಣಗ್ತಾ ಇದೆಯಲ್ಲಪ್ಪಾ," ಎಂದಳು ಅವಳು, "ಬರೀ ಮೈಯಲ್ಲಿ ಬೆಟ್ಟ ಹತ್ತಿದ್ಲಾ?"

"ಅಕ್ಕಾ, ಪಟ್ಟಿ ಸುಳ್ಳು ಹೇಳಲ್ಲ," ಎಂದ ಶೈಲೂಬೆಕ್.

ಬೇಸಿಗೆ ಬಂತು. ಮಂದೆಗಳು ನಿಜವಾಗಿಯೂ ಬೆಟ್ಟ ಹತ್ತಿದವು; ಹೋದ ದನ, ಜನರ ಮುಂದೆ ಪಟ್ಟಿಯಲ್ಲೂ 'ಹುಲ್ಲುಗಾವಲಿನಲ್ಲಿ' ಎಂದು ಬಿತ್ತು. ಪ್ರಾಂತದ ಅಧಿಕಾರಿ ಪ್ರಶಸ್ತಿ ಹಿಡಿದು ಬಂದ. ಶೈಲೂಬೆಕ್‌ನ ಅಂಗಳದಲ್ಲಿ ಊರೆಲ್ಲ ನೆರೆಯಿತು. ಬುರುಲ್ಚಾ ಸಮೋವಾರ್ ಪಕ್ಕ ಚಹಾ ಬಗ್ಗಿಸುತ್ತಿದ್ದಳು. ಕುರಿ ತಂದು ನಿಲ್ಲಿಸಿದರು. ಕುಯ್ಯುವ ಮುಂಚೆ ಊರಿನ ಅತಿ ಹಿರಿಯರು ಕೈಯೆತ್ತಿ ಹರಸಬೇಕಲ್ಲ! ಅಧಿಕಾರಿ ಪಟ್ಟಿ ತಿರುವಿದ.

"ಅಬ್ಬಾ, ಬೆಕ್ತುರ್ ಅಜ್ಜ! ಎಂಬತ್ತೆಂಟು ವರ್ಷ, ಇನ್ನೂ ಹುಲ್ಲುಗಾವಲಿನಲ್ಲಿ! ಶೈಲೂಬೆಕ್, ನಿಮ್ಮ ತಂದೆಯವರಲ್ವಾ? ಕರೆಸಿ. ಅವರು ಹರಸದೆ ನಾನು ಕತ್ತಿ ಮುಟ್ಟಿಸೋಲ್ಲ."

ಅದೇ ಚಳಿಗಾಲದಲ್ಲಿ ತೀರಿಕೊಂಡಿದ್ದ ಬೆಕ್ತುರ್ ಅಜ್ಜನಿಗೆ ನಾವೆಲ್ಲ ಮಣ್ಣು ಹಾಕಿದ್ದೆವು.

"ತುಂಬಾ ದೂರ ಇದ್ದಾರೆ, ಸಾಹೇಬ್ರೇ," ಎಂದ ಶೈಲೂಬೆಕ್.

"ಜೀಪ್ ಕಳಿಸ್ತೀನಿ."

"ಜೀಪ್ ಹೋಗೋ ಜಾಗ ಅಲ್ಲ..."

"ಹೋಗೋರು ನನ್ನ ಹಸುನೂ ಹೊಡ್ಕೊಂಡು ಬನ್ನಿ," ಎಂದಳು ಬುರುಲ್ಚಾ ಬಟ್ಟಲು ತುಂಬಿಸುತ್ತಲೇ. "ಅಜ್ಜನ ಹತ್ರಾನೇ ಇದೆ. ಪಾಪ, ಅವರೇ ಹಾಲು ಕರೀತಾ ಇರ್ಬೇಕು."

ಹಿಂದೆ ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ. ಬಟ್ಟಲು ಕೆಳಗಿಟ್ಟು ಮುಲ್ಲಾರ ಕಡೆ ತಿರುಗಿದಳು. "ಹಜರತ್ತರೇ, ಅಜ್ಜನ ಹೆಸರಲ್ಲಿ ಒಂದು ದುವಾ ಓದಿ. ಪಟ್ಟಿ ಬಿಡದೆ ಇದ್ರೂ ದೇವರು ಬರಮಾಡ್ಕೊಂಡಿದ್ದಾನೆ."

ಮುಲ್ಲಾರು ಓದತೊಡಗಿದರು. ಊರೆಲ್ಲ ಅಂಗೈ ತೆರೆಯಿತು. ಮಗನ ಕೈ ಮೊದಲು ಜೇಬಿನಲ್ಲೇ ಇತ್ತು. ಆದರೆ ಸತ್ತ ತಂದೆಗೆ ಕೈಯೆತ್ತದ ಮಗ ಯಾವ ಪ್ರಶಸ್ತಿ ಹಿಡಿದಾನು? ಅವನ ಕೈ ಮೆಲ್ಲಗೆ ಮೇಲೆದ್ದು ತೆರೆದುಕೊಂಡಿತು, ಕಣ್ಣೂ ತುಂಬಿತು.

"ಯಾರಿಗ್ರೀ ಇದು?" ಅಧಿಕಾರಿ ಕೇಳಿದ.

"ನಮ್ಮಪ್ಪನಿಗೆ, ಸಾಹೇಬ್ರೇ. ತೀರ್ಕೊಂಡಿದ್ದಾರೆ."

"ಹಾಗಾದ್ರೆ ಹಸು?"

"ಅದೂನೂ."

ಅಧಿಕಾರಿ ಪ್ರಶಸ್ತಿಯನ್ನು ಮತ್ತೆ ಚೀಲಕ್ಕೆ ತುರುಕಿ, ಪಟ್ಟಿ ಈಗಲೇ ತಿದ್ದಿ ಎಂದ. ಶೈಲೂಬೆಕ್ ಬೆವರೊರೆಸುತ್ತ ಕೂಗಿದ: "ಕನಿಶಾಯ್! ಎಲ್ಲೆಲ್ಲಿ 'ಹುಲ್ಲುಗಾವಲಿನಲ್ಲಿ' ಅಂತಿದೆಯೋ ಅಲ್ಲೆಲ್ಲ 'ಮೃತ' ಅಂತ ಮಾಡು!"

"ಅಷ್ಟೇ ಷರತ್ತಾ, ಅಣ್ಣಾ?"

"ಒತ್ತು ಅಂದ್ನಲ್ಲ!"

ಒತ್ತಿದಳು. ಬೆಕ್ತುರ್ ಅಜ್ಜನಿಗೂ ಹಸುವಿಗೂ ಮುಕ್ತಿ ಸಿಕ್ಕಿತು. ಜೊತೆಗೆ, ಬೆಟ್ಟದಲ್ಲಿ ನಿಜವಾಗಿ ಮೇಯುತ್ತಿದ್ದ ಶೈಲೂಬೆಕ್‌ನ ಕುದುರೆಗಳೂ, ಅವನ್ನು ಕಾಯಲು ಹೋಗಿದ್ದ ಅವನ ತಮ್ಮ ಎಸೆನ್ನೂ ಅದೇ ಗಳಿಗೆಯಲ್ಲಿ ಸತ್ತುಹೋದರು.

ಬುರುಲ್ಚಾಳ ಕಡಸು ಬಂತು. ಶರತ್ಕಾಲಕ್ಕೆ ಕರು ಹಾಕಿತು. ಮಂದೆ ಇಳಿಸಿಕೊಂಡು ಊರಿಗೆ ಬಂದ ಎಸೆನ್, ತಾನು ಬದುಕಿದ್ದೇನೆಂದು ಕಚೇರಿಗೆ ಅಲೆದು ಅಲೆದು, ಒಂದು ಸಂಜೆ ಅವಳ ಹಟ್ಟಿಯ ಮುಂದೆ ಸುಸ್ತಾಗಿ ನಿಂತ. ಮೊಮ್ಮಗಳಿಗೆ ಹಾಲು ಕುಡಿಸುತ್ತಿದ್ದವಳು ಇನ್ನೊಂದು ಬಟ್ಟಲು ತುಂಬಿಸಿದಳು.

"ಕೂತ್ಕೊಳಪ್ಪಾ. ಸತ್ತೋರಿಗೂ ನಮ್ಮನೇಲಿ ಹಾಲುಂಟು."