ತರಗತಿಯಲ್ಲೆದ್ದ ಬೆಟ್ಟ

ಭೂಮಿಯ ಮೇಲ್ಪದರ ತುಂಡು ತುಂಡಾಗಿದೆ, ಆ ತುಂಡುಗಳು ಒಂದನ್ನೊಂದು ತಳ್ಳಿದ ಕಡೆ ಬೆಟ್ಟ ಏಳುತ್ತದೆ ಎಂದು ವಿಜ್ಞಾನದ ಟೀಚರು ಎಂಟು ವರ್ಷದಿಂದ ಗಂಟಲು ಹರಿದುಕೊಂಡರೂ ಅದು ಮಕ್ಕಳ ತಲೆಗೆ ಹೋಗಿರಲಿಲ್ಲ. ಅವತ್ತು ಬೆಳಿಗ್ಗೆ ತರಗತಿಯ ಬಾಗಿಲು ತೆಗೆದರೆ, ಹೊಸದಾಗಿ ಹಾಸಿದ್ದ ನೆಲದಲ್ಲಿ ಎರಡು ಟೈಲ್ಸು ತಲೆಗೆ ತಲೆ ಕೊಟ್ಟು ಗುಡಾರದಂತೆ ಮೇಲೆದ್ದಿದ್ದವು. ಎಡವಿ ಬೈಯಲು ಬಾಯಿ ತೆರೆದ ಟೀಚರು ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು.

“ಬನ್ರೋ ಎಲ್ಲಾ! ಬೆಟ್ಟ ಹುಟ್ಟೋದು ಹೀಗೇ ನೋಡಿ! ಈ ನೆಲ ಹಾಸಿದ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ!”

ಮಕ್ಕಳು ಮುಗಿಬಿದ್ದರು.

“ಮಂಗಳ ಗ್ರಹದಲ್ಲೂ ಹೀಗೇನಾ ಮಿಸ್?” ಎಂದನೊಬ್ಬ.

“ಇಲ್ಲ ಕಣೋ, ಅಲ್ಲಿ ನೆಲವೆಲ್ಲ ಒಂದೇ ಹಾಸು. ತಳ್ಳೋಕೆ ಪಕ್ಕದವರೇ ಇಲ್ಲ.”

ಒಬ್ಬಳು ಮಾತ್ರ ತಲೆ ತಗ್ಗಿಸಿ ಬೆಂಚಿನಲ್ಲೇ ಕೂತಿದ್ದಳು. ನೆಲ ಹಾಸಿದವನು ಅವಳಪ್ಪ.

ಮಧ್ಯಾಹ್ನ ಅವನೇ ಕರಣೆ ಹಿಡಿದು ಓಡಿಬಂದ. “ತಪ್ಪಾಯ್ತು ಮೇಡಂ. ಗೋಡೆ ಪಕ್ಕ ಸಂದು ಬಿಡೋದು ಮರೆತೆ. ಬಿಸಿಲಿಗೆ ಹಿಗ್ಗೋಕೆ ಜಾಗ ಸಿಗದೆ ಎದ್ದಿವೆ. ಈಗಲೇ ಕಿತ್ತು ಹಾಕ್ತೀನಿ.”

“ದಮ್ಮಯ್ಯ, ಮುಟ್ಟಬೇಡಿ! ಪಕ್ಕದ ತರಗತಿಯವರೂ ನೋಡಲಿ. ಎಂಟು ವರ್ಷದಿಂದ ನನ್ನ ಕೈಲಾಗದ್ದನ್ನ ಮಾಡಿಕೊಟ್ಟಿದ್ದೀರಿ. ನಿಮ್ಮ ಉಪಕಾರ ಮರೆಯೋದಿಲ್ಲ,” ಎಂದು ಟೀಚರು ಕೈಮುಗಿದರು.

ಕೆಲಸ ಕೆಡಿಸಿದ್ದಕ್ಕೆ ಅವನಿಗೆ ಈವರೆಗೆ ಯಾರೂ ಕೈಮುಗಿದಿರಲಿಲ್ಲ. ಕರಣೆಯನ್ನು ಎಲ್ಲಿಡುವುದೆಂದೇ ತಿಳಿಯದೆ ನಿಂತ.

ಅಷ್ಟರಲ್ಲಿ ಪಕ್ಕದ ತರಗತಿಯ ಮಕ್ಕಳ ಸಾಲು ಬಂತು. ಮಗಳು ಬೆಂಚಿನಿಂದೆದ್ದು ಓಡಿಹೋಗಿ, ಬಾಗಿಲಿಗೆ ಅಡ್ಡ ಕೈಚಾಚಿ ನಿಂತಳು.

“ಮೆಲ್ಲಗೆ ಬನ್ರೋ, ತುಳಿದುಬಿಟ್ಟೀರಿ! ನಮ್ಮಪ್ಪ ಎಬ್ಬಿಸಿದ ಬೆಟ್ಟ ಅದು.”