ಚಾವಣಿ ತಟ್ಟಿ ಕಟ್ಟಿದ ಬೆಲೆ

ಅಪ್ಪ ಹೋಗಿ ವರ್ಷವಾದರೂ ಏಣಿ ಕಾರ್ಖಾನೆಯ ಮಾದರಿ ಕೋಣೆಯ ಸದ್ದು ನಿಂತಿರಲಿಲ್ಲ. ಮಧ್ಯಾಹ್ನ ಊಟಕ್ಕೆಂದು ಯಂತ್ರಗಳು ನಿಂತೊಡನೆ ಅಲ್ಲಿ ನಿಲ್ಲಿಸಿದ್ದ ಖಾಲಿ ಏಣಿಯ ಮೆಟ್ಟಿಲುಗಳು ಒಂದೊಂದಾಗಿ ಕಿರುಗುಟ್ಟುತ್ತಿದ್ದವು. ಆಮೇಲೆ ಚಾವಣಿಯಲ್ಲಿ ಟಕ್ ಟಕ್. ಮಗಳ ಎದೆ ಧಸಕ್ಕೆನ್ನುತ್ತಿತ್ತು. ಕಾರ್ಖಾನೆಯ ಒಡತಿ ಅಪ್ಪನಿಗೆ ಹೆದರುವುದೇ ಎಂದು ನಗಬೇಡಿ, ಬದುಕಿದ್ದಾಗಲೂ ಹೆದರುತ್ತಿದ್ದಳು.

ಮಡಚುವ ಏಣಿ ಮಾಡುವ ಆ ಮನೆಯವರಿಗೆ ಬೆಲೆ ಕಟ್ಟುವುದಕ್ಕೆ ಒಂದು ಪದ್ಧತಿಯಿತ್ತು. ಹೊಸ ಮಾದರಿ ಸಿದ್ಧವಾದ ದಿನ ಅಪ್ಪ ತಾನೇ ತುದಿಯವರೆಗೆ ಹತ್ತಿ, ಬೆರಳ ಗೆಣ್ಣಿನಿಂದ ಚಾವಣಿ ತಟ್ಟಿ, ಅಲ್ಲಿಂದಲೇ ಬೆಲೆ ಕೂಗುತ್ತಿದ್ದ. ನೆಲದ ಮೇಲೆ ನಿಂತವನಿಗೆ ಏಣಿಯ ಬೆಲೆ ಏನು ಗೊತ್ತು ಎನ್ನುತ್ತಿದ್ದ.

ಈಗ ಅಗ್ಗದ ಏಣಿಗಳು ಪೇಟೆ ತುಂಬಿದ್ದವು. ಮಾರಾಟ ನೋಡಿಕೊಳ್ಳುವ ಚಿಕ್ಕಪ್ಪ ಹೊಸ ಯೋಜನೆ ತಂದಿದ್ದ.

"ಏಣಿ ಕಾಲು ಜಾರದ ಹಾಗೆ ಹಿಡಿಯೋ ಆ ಅಡ್ಡಕೊಂಡಿ ತೆಗೆದುಬಿಡೋಣ ಕಣಮ್ಮ. ತಗಡು ತೆಳು ಮಾಡೋಣ, ಬಣ್ಣ ಅದೇ ಇರ್ಲಿ. ಮೊದ್ಲು ಬೆಲೆ, ಆಮೇಲೆ ಅದಕ್ಕೆ ತಕ್ಕ ಏಣಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ?"

"ಏಣಿ ಕಾಲು ಚಾಚಿದ್ರೆ ಹತ್ತಿದವನ ಗತಿ ಏನು ಚಿಕ್ಕಪ್ಪ?"

"ತಮಾಷೆ ಸಾಕು. ಇವತ್ತು ಬೆಲೆ ಹೇಳ್ಲಿಲ್ಲಾಂದ್ರೆ ಅರ್ಧ ಜನಾನ ಮನೆಗೆ ಕಳಿಸ್ಬೇಕಾಗುತ್ತೆ."

ಅದು ಸುಳ್ಳಲ್ಲ. ಚಿಕ್ಕವಳಿದ್ದಾಗ ಅವಳನ್ನು ಎತ್ತಿ ಆಡಿಸಿದ ಕೈಗಳು ಆ ಅರ್ಧದಲ್ಲಿದ್ದವು. ಚಿಕ್ಕಪ್ಪ ಮಾಡಿಸಿಟ್ಟಿದ್ದ ತೆಳು ಏಣಿಯನ್ನು ಮಾದರಿ ಕೋಣೆಗೆ ತರಲು ಹೇಳಿದಳು.

ಹಳೆಯ ಏಣಿ ಹೊರಗೆ ಹೋಯಿತು, ಹೊಸದು ಅದರ ಜಾಗದಲ್ಲಿ ನಿಂತಿತು. ಯಂತ್ರಗಳು ನಿಂತವು. ಇಬ್ಬರೂ ಉಸಿರು ಬಿಗಿಹಿಡಿದರು. ಚಾವಣಿ ಸುಮ್ಮನಿತ್ತು.

ಚಿಕ್ಕಪ್ಪನ ಮುಖ ಅರಳಿತು. "ನೋಡ್ದ್ಯಾ? ಮೌನಂ ಸಮ್ಮತಿ ಲಕ್ಷಣಂ! ಅಣ್ಣ ಒಪ್ಕೊಂಡ. ಹೂಂ, ಬೆಲೆ ಹೇಳು." ನಿನ್ನೆಯವರೆಗೆ ಇಲಿ ಎಂದು ತಳ್ಳಿಹಾಕಿದ್ದ ಸದ್ದು ಇವತ್ತು ಅವನಿಗೆ ಅಣ್ಣನಾಗಿತ್ತು.

ಅವಳಿಗೂ ಹಾಗೇ ನಂಬಿಬಿಡುವ ಆಸೆ. ಕಾಟ ತಪ್ಪಿತು, ಕೆಲಸದವರ ಒಲೆ ಉರಿಯುತ್ತದೆ, ಇನ್ನೇನು ಬೇಕು? ಬೆಲೆ ನಾಲಿಗೆಯ ತುದಿಗೆ ಬಂದಿತ್ತು.

ಆಗ ಕೆಳಗಿನ ಮೆಟ್ಟಿಲು ಕಿರ್ರೆಂದಿತು. ತೆಳು ತಗಡು ಯಾರದೋ ಭಾರಕ್ಕೆ ಬಗ್ಗಿದ್ದು ಅವಳ ಕಣ್ಣಿಗೇ ಕಂಡಿತು. ಎರಡನೆಯ ಮೆಟ್ಟಿಲಿಗೆ ಕಾದಳು. ಅದು ಅಲುಗಲಿಲ್ಲ. ಬಗ್ಗಿದ ತಗಡು ಮೆಲ್ಲಗೆ ನೆಟ್ಟಗಾಯಿತು.

ಅವಳು ಏಣಿಯನ್ನು ಮಡಚಿ ಗೋಡೆಗೆ ಒರಗಿಸಿದಳು.

"ಇದು ಬೇಡ ಚಿಕ್ಕಪ್ಪ."

"ಯಾಕೆ? ಅಣ್ಣನೇ ಸುಮ್ನಿದ್ದಾನಲ್ಲ!"

"ಸತ್ತವರಿಗೆ ಬೀಳೋ ಭಯ ಇರುತ್ತಾ ಚಿಕ್ಕಪ್ಪ? ಆದ್ರೂ ಅಪ್ಪ ಇಟ್ಟ ಕಾಲು ಹಿಂದಕ್ಕೆ ತಗೊಂಡ."