ಮೋಲಿಯ ಅವ್ವ

ನೀಲಗಂಗಾಳಿಗೆ ಬರುತ್ತಿದ್ದ ಇಂಗ್ಲಿಷು ಒಂದೇ ಮಾತು, ಯೆಸ್. ಪರದೇಶದ ಪಾಪಕುರಾ ಊರಿನಲ್ಲಿದ್ದ ಮಗನ ಮನೆಗೆ ಬಂದಾಗಿನಿಂದ ಯಾರು ಏನೇ ಅಂದರೂ ತಲೆಯಾಡಿಸಿ ಅದನ್ನೇ ಹೇಳಿ ಪಾರಾಗುತ್ತಿದ್ದಳು. ಅದರಿಂದ ಈವರೆಗೆ ಯಾರ ಗಂಟೂ ಹೋಗಿರಲಿಲ್ಲ.

ಪ್ರತಿ ಶನಿವಾರ ಬೆಳಿಗ್ಗೆ ಮೊಮ್ಮಗಳು ಶ್ರೇಯಾ ಅವಳನ್ನೂ ಮನೆಯ ನಾಯಿ ಕೋಕೋವನ್ನೂ ಕಡಲ ದಂಡೆಗೆ ತಂದು ಬಿಟ್ಟು, ತಾನು ಕಾರಿನಲ್ಲೇ ಕೂತು ಫೋನು ನೋಡುವಳು. ಜನ ಕಡಿಮೆ, ನಾಯಿಗಳನ್ನು ಹಗ್ಗ ಬಿಚ್ಚಿ ಓಡಾಡಿಸಬಹುದಾದ ದಂಡೆ. ಅಲ್ಲಿ ಸಿಕ್ಕವಳೇ ಮೋಲಿ ಎಂಬ ನಾಯಿಯ ಒಡತಿ, ನೀಲಗಂಗಾಳದೇ ವಯಸ್ಸಿನ ಬಿಳಿ ಹೆಂಗಸು. ಹೆಸರು ಕೇಳುವ ಬಗೆ ತಿಳಿಯದೆ ನೀಲಗಂಗಾ ಅವಳನ್ನು ಮೋಲಿಯ ಅವ್ವ ಎಂದುಕೊಂಡಿದ್ದಳು. ಇವಳು ಕನ್ನಡದಲ್ಲಿ ಸೊಸೆಯ ಮೇಲೆ ದೂರು ಹೇಳುವಳು, ಅವಳು ಇಂಗ್ಲಿಷಿನಲ್ಲಿ ಇನ್ನೇನೋ ಹೇಳುವಳು, ಇಬ್ಬರೂ ಶೇಂಗಾ ಉಂಡಿ ತಿನ್ನುವರು. ಈ ದೇಶದಲ್ಲಿ ನೀಲಗಂಗಾಳಿಗೆ ತನ್ನವಳು ಅಂತ ಇದ್ದ ಗೆಳತಿ ಅವಳೊಬ್ಬಳೇ.

ಒಂದು ಶನಿವಾರ ಮೋಲಿ ಬಂತು, ಅವ್ವ ಬರಲಿಲ್ಲ. ಹಗ್ಗ ಹಿಡಿದಿದ್ದವನು ಒಬ್ಬ ನಡುವಯಸ್ಸಿನ ಗಂಡಸು. ಮೂಗು ಥೇಟ್ ಅವಳದೇ, ಮಗನೇ ಇರಬೇಕು. ಮೆಲ್ಲಗೆ ಏನೋ ಕೇಳಿದ. ನೀಲಗಂಗಾ ರೂಢಿಯಂತೆ "ಯೆಸ್" ಅಂದಳು. ಮತ್ತೊಮ್ಮೆ ಕೇಳಿದ. "ಯೆಸ್, ಯೆಸ್." ಅವನು ಹಗ್ಗವನ್ನು ಅವಳ ಕೈಗಿತ್ತು, ಗಾಡಿಯಿಂದ ನಾಯಿಯ ಹಾಸಿಗೆ, ತಟ್ಟೆ, ಒಂದು ಹಳೆಯ ಕಂಬಳಿ ತಂದು ಅವಳ ಕಾಲ ಬಳಿ ಇಟ್ಟ.

ಕಂಬಳಿ ಮೋಲಿಯ ಅವ್ವನದು, ಚಳಿಗೆ ಮೊಣಕಾಲ ಮೇಲೆ ಹೊದ್ದು ಕೂರುತ್ತಿದ್ದದ್ದು. ನೀಲಗಂಗಾ ಅದನ್ನು ಎತ್ತಿಕೊಂಡು ನೋಡಿದಳು. ಊರಲ್ಲಿ ಸತ್ತವರ ಹಾಸಿಗೆ ಹೊದಿಕೆಯನ್ನು ಯಾರಾದರೂ ಮನೆಯಲ್ಲಿಟ್ಟುಕೊಳ್ಳುತ್ತಾರೆಯೇ? ಹಾಗಾದರೆ ಹೋಗೇಬಿಟ್ಟಳೇ? ಆದರೆ ಇವನು ನಗುತ್ತಲೂ ಇದ್ದಾನಲ್ಲ. ತಾಯಿ ಸತ್ತವನು ನಗುತ್ತಾನೆಯೇ? ಈ ಜನರ ರೀತಿ ಯಾವ ದೇವರಿಗೆ ಗೊತ್ತು. ಕೇಳೋಣವೆಂದರೆ ಅವಳಿಗೆ ಬರುವ ಮಾತಿನಿಂದ ಏನನ್ನೂ ಕೇಳಲು ಬರುವುದಿಲ್ಲ. ತಡೆಯಲಾರದೆ ಅತ್ತೇಬಿಟ್ಟಳು. ಅವನು ಗಾಬರಿಯಾಗಿ ಅವಳ ಬೆನ್ನು ಸವರುತ್ತ ತಾನೂ ಕಣ್ಣೀರು ಹಾಕಿದ. ನೀಲಗಂಗಾಳಿಗೆ ಖಾತ್ರಿಯಾಯಿತು.

ಅಜ್ಜಿ ಅಳುವುದನ್ನು ಕಂಡು ಶ್ರೇಯಾ ಕಾರಿನಿಂದ ಓಡಿಬಂದಳು. ಅವನೊಡನೆ ಮಾತಾಡಿ ತಲೆಯ ಮೇಲೆ ಕೈಯಿಟ್ಟುಕೊಂಡಳು.

"ಶಿ ಈಸ್ ಫೈನ್, ಅಜ್ಜಿ. ಬಿದ್ದು ಕಾಲು ಮುರೀತಂತ, ಈಗ ಮುದುಕರ ರೆಸ್ಟ್ ಹೋಮ್‌ನಾಗ ಅದಾರ. ಅಲ್ಲಿ ನಾಯಿ ಬಿಡಂಗಿಲ್ಲ. ಮೋಲಿನ್ನ ನಿನ್ನ ಕಡೆನೇ ಕೊಡು ಅಂತ ಅವರೇ ಹೇಳ್ಯಾರಂತ. ಆ ಕಂಬಳಿ ಇಲ್ದ ಅದು ಮಲಗಂಗಿಲ್ಲಂತ. ಸಾಕ್ತೀರೇನು ಅಂತ ಇವರು ಕೇಳಿದ್ರ ನೀ ಯೆಸ್ ಅಂದೀಯಂತ. ಡ್ಯಾಡ್‌ಗೆ ಏನ್ ಹೇಳ್ತಿ ಈಗ?"

ನೀಲಗಂಗಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬದುಕಿದ್ದಾಳೆ, ಅವಳಿಗೆ ಅಷ್ಟು ಸಾಕಾಗಿತ್ತು. ಎರಡನೇ ನಾಯಿ, ಮಗ ರುದ್ರೇಶನ ಸಿಟ್ಟು, ಅವೆಲ್ಲ ಆಮೇಲಿನ ಮಾತು. ಮೋಲಿಯ ಹಗ್ಗವನ್ನು ಅಂಗೈಗೆ ಒಂದು ಸುತ್ತು ಬಿಗಿದುಕೊಂಡಳು.

"ಅಲ್ಲಿ ನಾಯಿ ಬಿಡಂಗಿಲ್ಲ ಅಂದ್ಯಲ್ಲ," ಅಂದಳು. "ಆಕಿನ್ನ ನೋಡಾಕ ನನ್ನ ಬಿಡ್ತಾರೇನು, ಕೇಳು."